ಸಭೆಯಲ್ಲಿರುವ ಡಾಕ್ಟರುಗಳು

ಪ್ಯಾರಿಸ್ಸಿನ ಹಳೆಯ ವಿಶ್ವವಿದ್ಯಾಲಯದ ಕೇರಿಗೆ ಆರ್ಮೆಲ್ ಎಷ್ಟೋ ವರ್ಷಗಳ ಮೇಲೆ ಕಾಲಿಟ್ಟಿದ್ದಳು. ಅವಳು ಓದುತ್ತ ಕೂರುತ್ತಿದ್ದ ಪುಸ್ತಕದಂಗಡಿಯಲ್ಲೀಗ ಕಾಲುಚೀಲ ಮಾರುತ್ತಿದ್ದರು; ಒಂದೊಂದು ಜೊತೆಯ ಮೇಲೂ ಒಬ್ಬೊಬ್ಬ ತತ್ವಜ್ಞಾನಿಯ ಮುಖ. ಬದುಕಿದ್ದಾಗ ಯಾರಿಗೂ ಬೇಡವಾದವರು ಈಗ ಪ್ರವಾಸಿಗಳ ಹಿಮ್ಮಡಿಯನ್ನಾದರೂ ಬೆಚ್ಚಗಿಡಲಿ ಎಂದುಕೊಂಡಳು.

ಅವಳು ಬಂದದ್ದು ತಿಬೋನ ಪಿಎಚ್.ಡಿ. ವೈವಾಕ್ಕೆ. ಅವನ ಮಹಾಪ್ರಬಂಧದ ಎರಡನೇ ಅಧ್ಯಾಯ ಪೂರ್ತಿ ಅವಳದು. ಹೆಸರು ಮಾತ್ರ ಎಲ್ಲೂ ಇಲ್ಲ. ಲಿಮೋಜ್‌ನ ಹೈಸ್ಕೂಲಿನಲ್ಲಿ ಪಾಠ ಮಾಡುವವಳು ಇದನ್ನೆಲ್ಲಿ ಓದುತ್ತಾಳೆ ಎಂದು ಅವನ ಧೈರ್ಯ. ವೈವಾಕ್ಕೆ ಯಾರು ಬೇಕಾದರೂ ಬಂದು ಕೂರಬಹುದು. ಕೊನೆಯಲ್ಲಿ, ಸಭೆಯಲ್ಲಿರುವ ಡಾಕ್ಟರುಗಳು, ಅಂದರೆ ಪಿಎಚ್.ಡಿ. ಆದವರು, ಏನಾದರೂ ಕೇಳುವುದಿದೆಯೇ ಎಂದು ಪರೀಕ್ಷಕರ ಅಧ್ಯಕ್ಷರು ಅನ್ನಬೇಕು. ಅದು ಶಾಸ್ತ್ರ. ಯಾರೂ ಕೇಳುವುದಿಲ್ಲ, ಪಕ್ಕದ ಕೋಣೆಯಲ್ಲಿ ಶಾಂಪೇನ್ ಕಾಯುತ್ತಿರುತ್ತದೆ.

ಅಧ್ಯಕ್ಷರು ಇಂದೂ ಹಾಗಂದರು. ಆರ್ಮೆಲ್ ಕೈಯೆತ್ತಿದಳು.

"ಬಿಡೇ ಮಾರಾಯ್ತಿ, ಎಲ್ಲರಿಗೂ ಬಾಯಾರಿದೆ," ಎಂದು ಪಕ್ಕದಲ್ಲಿದ್ದ ಹಳೆಯ ಗೆಳತಿ ಸಿಡೋನಿ ಪಿಸುಗುಟ್ಟಿದಳು.

"ಎರಡನೇ ಅಧ್ಯಾಯ ನನ್ನ ಪ್ರಬಂಧದ್ದು," ಎಂದಳು ಆರ್ಮೆಲ್. "ಅದನ್ನ ಇದೇ ಕೋಣೇಲಿ ಮಂಡಿಸಿದ್ದೆ. ಆಗ ನೀವೇ ನನ್ನ ಗೈಡ್, ಅಧ್ಯಕ್ಷರೇ."

ಅಧ್ಯಕ್ಷ ಪ್ರೊಫೆಸರ್ ವೋಜಲಾದ್ ಕನ್ನಡಕ ಒರೆಸಿಕೊಂಡರು. "ಬಹಳ ಸಮೃದ್ಧವಾದ ಟಿಪ್ಪಣಿ, ಮೇಡಂ. ಪ್ರಶ್ನೆ ಅಂತ ಅನ್ನಿಸ್ಲಿಲ್ಲ. ಯಾವೂರಿಂದ ಬಂದ್ರಿ?"

"ಲಿಮೋಜ್."

"ಅಯ್ಯೋ, ದೂರ ಆಯ್ತಲ್ಲ," ಎಂದು ಮರುಗಿದರು.

ಪರೀಕ್ಷಕರು ಒಳಗೆ ಹೋಗಿ ಬಂದರು, ತಿಬೋ ಡಾಕ್ಟರಾದ. ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ಅಭ್ಯಾಸಬಲದಿಂದ ಆರ್ಮೆಲ್ ಕೂಡ ತಟ್ಟಿ, ತನ್ನ ಅಂಗೈಗಳನ್ನೇ ಹೇಸಿಕೊಂಡು ನೋಡಿದಳು.

ಎಲ್ಲರೂ ಪಕ್ಕದ ಕೋಣೆಗೆ ನಡೆದರು. ಅಲ್ಲಿ ತಿಂಡಿ ಒದಗಿಸುವುದು ಡಾಕ್ಟರಾದವನ ಮನೆಯವರು. ತಿಬೋನ ತಾಯಿ ಊರಿಂದ ಮಾಡಿ ತಂದಿದ್ದ ಮೊಲದ ಮಾಂಸದ ಹೋಳೊಂದನ್ನು ಆರ್ಮೆಲ್ ತಟ್ಟೆಗೆ ಹಾಕಿದಳು.

"ತಗೊಳ್ಳಮ್ಮ. ಇಷ್ಟು ಜನರಲ್ಲಿ ಎದ್ದು ಮಾತಾಡಿದ್ದು ನೀವೊಬ್ರೇ, ಮಿಕ್ಕವರು ಆಕಳಿಸ್ತಿದ್ರು. ಅದೇನಂದ್ರಿ, ನಂಗೆ ತಿಳೀಲಿಲ್ಲ."

"ನಾನು ಬರೆದದ್ದನ್ನ ನಿಮ್ಮ ಮಗ ಕದ್ದಿದ್ದಾನೆ ಅಂದೆ."

ತಾಯಿ ಚಾಕು ಕೆಳಗಿಟ್ಟಳು. "ತಿಬೋ, ಇಲ್ಲಿ ಬಾ."

ಲೋಟ ಹಿಡಿದಿದ್ದ ಪ್ರೊಫೆಸರರೆಲ್ಲ ತಿರುಗಿದರು.

"ಇವರದ್ದನ್ನ ಕದ್ದಿದ್ದೀಯಂತೆ. ಹೌದೋ ಅಲ್ವೋ?"

"ಅಮ್ಮ, ಅದು ಪರಂಪರೆ ಜೊತೆ ಒಂದು ಸಂವಾದ..."

"ಹೌದೋ ಅಲ್ವೋ?"

"ಹೌದು."

ವೋಜಲಾದ್ ಗೋಡೆಯ ಚಿತ್ರವೊಂದನ್ನು ತದೇಕಚಿತ್ತದಿಂದ ನೋಡತೊಡಗಿದರು.

"ಎಲ್ಲರಿಗೂ ಕೇಳೋ ಹಾಗೆ ಹೇಳು. ಯಾರದ್ದು?"

"ಆರ್ಮೆಲ್ ಕೆರ್ವೆಲ್ಲಾ ಅವರದ್ದು," ಎಂದ ತಿಬೋ, ಪ್ರಬಂಧದಲ್ಲೆಲ್ಲೂ ಬರೆಯದ ಆ ಹೆಸರನ್ನು ಒಂದಕ್ಷರವೂ ತಡವರಿಸದೆ.