ಸಾರಮ್ಮನ ಲೋಟದಲ್ಲಿ ಮುಳುಗಿದ ಪೆಲೆಟ್

ಕತಾರಿನಲ್ಲೂ ಚಳಿ ಉಂಟು ಎಂದರೆ ಊರಿನವರು ನಗುತ್ತಾರೆ. ಸಾರಮ್ಮನೂ ನಕ್ಕಿದ್ದರು. ಸೊಸೆ ನಶೀದಾಳ ಬಾಣಂತನಕ್ಕೆಂದು ಬಂಟ್ವಾಳದಿಂದ ಕತಾರಿನ ಮುಐದರ್ ಎಂಬ ಊರಿಗೆ ಬಂದವರು ಸ್ವೆಟರ್ ತಂದಿರಲಿಲ್ಲ, ಒಣಮೀನು ತಂದಿದ್ದರು. 2006ರ ಜನವರಿಯ ಗಾಳಿ ಬೀಸಿದ ಮೇಲೆ ನಗು ನಿಂತಿತು.

ಮಗನ ಬಾಡಿಗೆ ಮನೆಯಲ್ಲಿ ಮಾಲೀಕರು ಬಿಟ್ಟುಹೋದ ಕಬ್ಬಿಣದ ಒಲೆಯೊಂದಿತ್ತು. ಹೊಗೆ ಹೋಗಲು ಗೋಡೆಯಾಚೆಗೆ ಕೊಳವೆ. ಅದರಲ್ಲಿ ಉರಿಸುವುದು ಪೆಲೆಟ್, ಅಂದರೆ ಮರದ ಹುಡಿಯನ್ನು ಒತ್ತಿ ಮಾಡಿದ ಸಣ್ಣ ತುಂಡುಗಳು. ಮಗ ಅಶ್ರಫ್ ಒಂದು ಚೀಲ ಹೊತ್ತು ತಂದ.

"ಅರ್ಧ ರೇಟು ಉಮ್ಮ. ಫರ್ನಿಚರ್ ವರ್ಕ್‌ಶಾಪಿನದ್ದು."

ಹೊತ್ತಿಸಿದರೆ ಬಿಸಿಗಿಂತ ಹೊಗೆಯೇ ಹೆಚ್ಚು. ಮಗು ಕೆಮ್ಮತೊಡಗಿತು. ಸಾರಮ್ಮನಿಗೆ ರೇಗಿತು.

"ಈ ಒಲೆ ಬೇಡ. ಮಡಕೆಗೆ ನಾಲ್ಕು ಕೆಂಡ ಹಾಕಿ ಮಂಚದ ಕೆಳಗೆ ಇಡ್ತೇನೆ. ನಿನ್ನನ್ನು ಸಾಕಿದ್ದೂ ಹಾಗೇ."

ಅಷ್ಟರಲ್ಲಿ ಮೇಲಿನ ಮನೆಯ ನರ್ಸ್ ವಿಲ್ಮಾ ಮಗುವನ್ನು ನೋಡಲು ಬಂದರು. ಕೆಂಡದ ಮಾತು ಬಾಗಿಲಲ್ಲೇ ಕಿವಿಗೆ ಬಿದ್ದಿತ್ತು; ಬಂದವರೇ ಕಿಟಕಿ ತೆರೆದರು.

"ಸಾರಮ್ಮಕ್ಕ, ಊರಿನ ಮನೆಯಲ್ಲಿ ಹಂಚಿನ ಸಂದಿಯಲ್ಲಿ ಗಾಳಿ ಓಡಾಡ್ತದೆ. ಇಲ್ಲಿ ಎಲ್ಲ ಗಟ್ಟಿ ಮುಚ್ಚಿ ಉಂಟು. ಕೆಂಡದ ವಿಷಗಾಳಿ ಕಣ್ಣಿಗೆ ಕಾಣುದಿಲ್ಲ, ಮೂಗಿಗೆ ಗೊತ್ತಾಗುದಿಲ್ಲ. ಮಲಗಿದ ತಾಯಿ ಮಗು ಏಳದೇ ಹೋಗಬಹುದು."

ಸಾರಮ್ಮ ಕೈಗೆತ್ತಿಕೊಂಡಿದ್ದ ಮಡಕೆ ಕೆಳಗಿಟ್ಟರು. "ಹಾಗಾದ್ರೆ ಈ ಚಳಿಗೆ ಎಂತ ಮಾಡುದು ವಿಲ್ಮಾ ಬಾಯಿ?"

"ಒಲೆ ಒಳ್ಳೆಯದೇ, ನಮ್ಮಲ್ಲೂ ಉಂಟು. ಪೆಲೆಟ್ ಸರಿ ಇಲ್ಲ. ಮೂಸಿ ನೋಡಿ, ಪ್ಲೈವುಡ್ಡಿನ ಅಂಟಿನ ವಾಸನೆ. ಚೀಲದ ಅಡಿಯಲ್ಲಿ ಬರೀ ಹುಡಿ." ವಿಲ್ಮಾ ತಮ್ಮ ಮನೆಯಿಂದ ಒಂದು ಹಿಡಿ ಪೆಲೆಟ್ ತಂದರು. "ಎರಡನ್ನೂ ನೀರಿಗೆ ಹಾಕಿ. ಗಟ್ಟಿ ಒತ್ತಿದ್ದು ಮುಳುಗ್ತದೆ."

"ಬಿತ್ತನೆ ಭತ್ತ ನೋಡುದೂ ಹೀಗೇ ಅಲ್ವಾ," ಎಂದು ಸಾರಮ್ಮ ತಾವೇ ಎರಡು ಲೋಟ ತಂದರು. ವಿಲ್ಮಾ ತಂದದ್ದು ಮುಳುಗಿತು. ಅಶ್ರಫ್ ತಂದದ್ದು ತೇಲಿತು.

"ಜೊಳ್ಳು," ಎಂದರು ಸಾರಮ್ಮ ಮಗನತ್ತ ತಿರುಗಿ. "ಗಲ್ಫಿಗೆ ಬಂದು ಜೊಳ್ಳು ತಂದೆಯಲ್ಲ ಮಾರಾಯ."

ನಶೀದಾ ಮುಸುಕಿನೊಳಗೇ ನಕ್ಕಳು. ಅಶ್ರಫ್ ತಲೆ ಕೆರೆದುಕೊಂಡ. "ಒಳ್ಳೆಯದಕ್ಕೆ ರೇಟು ಜಾಸ್ತಿ ವಿಲ್ಮಾ ಬಾಯಿ."

"ದೊಡ್ಡ ಬ್ರ್ಯಾಂಡ್ ಬೇಡ ಅಶ್ರಫ್. ಬಣ್ಣ, ಅಂಟು ಸೇರದ ಬರೀ ಮರದ್ದು ಸಾಕು. ಮೊದಲು ಒಂದೇ ಚೀಲ ತಂದು ಉರಿಸಿ ನೋಡು. ಇಂಥ ಎರಡು ಚೀಲದ ಕೆಲಸ ಅದೊಂದೇ ಮಾಡ್ತದೆ."

"ಖಲಾಸ್, ಆಯ್ತು," ಎಂದು ಅಶ್ರಫ್ ಜೊಳ್ಳಿನ ಚೀಲ ವಾಪಸ್ ಕೊಡಲು ಹೊತ್ತು ಅಂಗಡಿಗೆ ಹೊರಟ. ಸಂಜೆಗೆ ಹೊಸ ಪೆಲೆಟ್ ಬಂತು, ಮನೆ ಬೆಚ್ಚಗಾಯಿತು, ಮಗು ಹಾಯಾಗಿ ನಿದ್ದೆ ಹೋಯಿತು. ಕೆಂಡಕ್ಕೆಂದು ತೆಗೆದ ಮಡಕೆಯಲ್ಲಿ ಸಾರಮ್ಮ ಮೀನುಸಾರು ಕುದಿಸಿ ವಿಲ್ಮಾರಿಗೂ ಕೊಟ್ಟು ಕಳಿಸಿದರು.

ನಿಮ್ಮ ಮನೆಯಲ್ಲೂ ಇಂಥ ಒಲೆ ಇದ್ದರೆ, ಚೀಲದ ಬೆಲೆ ಕೇಳುವ ಮೊದಲು ಒಂದು ಹಿಡಿ ಮೂಸಿ ನೋಡಿ, ನೀರಿಗೆ ಹಾಕಿ ನೋಡಿ. ಚೀಲವನ್ನು ತೇವ ತಾಗದ ಕಡೆ ಇಡಿ. ಕೊಳವೆಯಲ್ಲಿ ಮಸಿ ಕಟ್ಟಿಲ್ಲವೆಂದು ನೋಡಿಕೊಂಡು, ಕಿಟಕಿ ಒಂದಿಷ್ಟು ತೆರೆದಿಡಿ. ಮುಚ್ಚಿದ ಕೋಣೆಯಲ್ಲಿ ಕೆಂಡ ಮಾತ್ರ ಬೇಡವೇ ಬೇಡ. ನಮ್ಮ ಮಕ್ಕಳೆಲ್ಲ ಬೆಳಿಗ್ಗೆ ಎದ್ದು, ಮನೆಯವರ ನಿದ್ದೆ ಕೆಡುವಷ್ಟು ಜೋರಾಗಿ ಅಳಲಿ.