ಗೇಣುದ್ದದ ಹಾಸು

ಬನಹಟ್ಟಿಯ ಅನಸವ್ವನ ಮನೆಯಲ್ಲಿ ಮಗ್ಗವನ್ನು ಬರಿದು ಮಾಡುವ ರೂಢಿ ಇರಲಿಲ್ಲ. ಸೀರೆ ಕೊಯ್ದ ಮೇಲೂ ಗೇಣುದ್ದ ಹಾಸು, ಅಂದರೆ ನೇಯದ ಉದ್ದೆಳೆಗಳು, ಮಗ್ಗದಲ್ಲಿ ಉಳಿಯಬೇಕು. ಹೊಸ ನೂಲು ಬಂದಾಗ ಒಂದೊಂದು ಎಳೆಯನ್ನೂ ಆ ಹಳೆಯ ಎಳೆಗೆ ಹೊಸೆದು ಕೂಡಿಸಬೇಕು. ಮಗ್ಗ ಬರಿದಾದರೆ ಮನೆ ಬರಿದಾಯಿತೆಂದು ಅತ್ತೆ ಹೇಳುತ್ತಿದ್ದಳು. ಅತ್ತೆ ಸತ್ತ ಮೇಲೂ ಆ ಮಾತು ಮೀರುವ ಧೈರ್ಯ ಅನಸವ್ವನಿಗಿರಲಿಲ್ಲ.

ನೂಲು ತರುತ್ತಿದ್ದವನು ಸರಕಾರದ ಕೈಮಗ್ಗ ನಿಗಮದ ಕಾಮಣ್ಣ. ಬಡವರಿಗೆಂದು ನೇಯಿಸುತ್ತಿದ್ದ ಜನತಾ ಸೀರೆಯನ್ನು ಒಯ್ಯುತ್ತಿದ್ದವನೂ ಅವನೇ. ಮಗ್ಗವನ್ನೂ ಅತ್ತೆಯ ಕಾಲದಲ್ಲಿ ನಿಗಮವೇ ಕೊಟ್ಟಿತ್ತು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎನ್ನುತ್ತಾರಲ್ಲ, ಕೊಟ್ಟ ಮಗ್ಗವೂ ಹಾಗೆಯೇ ಎಂದು ಇವರು ತಿಳಿದಿದ್ದರು. ಪ್ರತಿ ಅಮಾವಾಸ್ಯೆಗೆ ಅದಕ್ಕೆ ವಿಭೂತಿ ಹಚ್ಚುತ್ತಿದ್ದರು.

ತೊಂಬತ್ತನೆಯ ಇಸವಿಯ ಆಚೆ, ದಿಲ್ಲಿಯಲ್ಲಿ ಯಾರೋ ಇನ್ನು ಎಲ್ಲವನ್ನೂ ಮಾರುಕಟ್ಟೆಯೇ ನೋಡಿಕೊಳ್ಳುತ್ತದೆ ಅಂದರಂತೆ. ಅಂದವರು ಬನಹಟ್ಟಿಯನ್ನು ಕಂಡಿದ್ದರೋ ಇಲ್ಲವೋ. ಒಂದು ವರ್ಷ ಸೀಗಿ ಹುಣ್ಣಿಮೆ ದಾಟಿದರೂ ನೂಲು ಬರಲಿಲ್ಲ. ಗಂಡ ಶಿದ್ರಾಮಪ್ಪ ಗೇಣು ಹಾಸು ಉಳಿಸಿ ಕೈಕಟ್ಟಿ ಕುಳಿತ.

"ಸರಕಾರ ಅಂದ್ರ ಕಿರಾಣಿ ಅಂಗಡಿ ಏನ, ಬಾಗಲಾ ಹಾಕ್ಕೊಂಡು ಹೋಗಾಕ? ಬರತೈತಿ ತಗೊ," ಎಂದ.

ದೀಪಾವಳಿಯ ಮುಂದೆ ಕಾಮಣ್ಣನ ಟೆಂಪೊ ಬಂತು. ಎಳೆ ಹೊಸೆಯಲು ಬೆರಳಿಗೆ ಬೂದಿ ಹಚ್ಚಿಕೊಂಡೇ ಅನಸವ್ವ ಹೊರಗೆ ಓಡಿದಳು. ಟೆಂಪೊದಲ್ಲಿ ನೂಲಿರಲಿಲ್ಲ. ಯಾರ ಯಾರದೋ ಮನೆಯ ಮಗ್ಗಗಳಿದ್ದವು.

"ಸ್ಕೀಮ್ ಬಂದ್ ಆತ್ರಿ ಅಕ್ಕಾರ," ಕಾಮಣ್ಣ ನೆಲ ನೋಡುತ್ತ ಹೇಳಿದ. "ಇನ್ನ ನೂಲು ಪ್ಯಾಟ್ಯಾಗ ಕೊಳ್ಳಬೇಕು, ಸೀರಿ ಪ್ಯಾಟ್ಯಾಗ ಮಾರಬೇಕು. ಮಗ್ಗ ಹರಾಜಿಗೆ ಹೊಂಟಾವು."

"ನಮ್ಮ ಮಗ್ಗ ಯಾಕ ಹೋಗತೈತಿ ತಮ್ಮಾ?"

"ಅದು ನಿಗಮದ್ದರಿ. ನಿಮ್ಮದು ಎಂದೂ ಆಗಿದ್ದಿಲ್ಲ."

ಈ ಮನೆಯ ರೊಟ್ಟಿ ತಿಂದವನ ಬಾಯಿಂದ ಈ ಮಾತು ಹೇಗೆ ಬಂತೆಂದು ಅನಸವ್ವನಿಗೆ ತಿಳಿಯಲಿಲ್ಲ. ಶಿದ್ರಾಮಪ್ಪನ ಕಡೆ ನೋಡಿದಳು. ಅವನು ಆಳುಗಳಿಗೆ ದಾರಿ ಬಿಟ್ಟು ಗೋಡೆಗೆ ಸರಿದಿದ್ದ. ಆಳುಗಳು ಆಗಲೇ ಮಗ್ಗ ಬಿಚ್ಚತೊಡಗಿದ್ದರು.

ಎಂದೂ ಮಾಡದ ಕೆಲಸಕ್ಕೆ ಅವಳು ಕತ್ತರಿ ತಂದಳು.

"ಮಗ್ಗ ಒಯ್ಯಿ. ಈ ಗೇಣು ಹಾಸು ಕೊಯ್ಕೋತೀನಿ. ಅತ್ತಿ ಕಾಲದಿಂದ ಕೂಡಿಸ್ಕೋತ ಬಂದದ್ದು."

ಕಾಮಣ್ಣ ಕೈ ಅಡ್ಡ ಹಿಡಿದ. ಅವನ ಕಣ್ಣಲ್ಲೂ ನೀರಿತ್ತು.

"ನೂಲೂ ನಿಗಮದ್ದರಿ ಅಕ್ಕಾರ."

ಹಾಸನ್ನು ಯಾರೂ ಕೊಯ್ಯಲಿಲ್ಲ. ಅದು ಇದ್ದ ಹಾಗೇ ಮಗ್ಗದ ಸಂಗಡ ಟೆಂಪೊ ಹತ್ತಿತು. ಅತ್ತೆಯ ಮಾತನ್ನು ಅನಸವ್ವ ಕೊನೆವರೆಗೂ ಮೀರಲಿಲ್ಲ. ಮಗ್ಗ ಬರಿದಾಗದೆಯೇ ಮನೆ ಬರಿದಾಯಿತು.