ಹಾಳೆಗೆ ಹೊಂದಿಸು

ಅಂಗಡಿಗೆ ಕಂಪ್ಯೂಟರ್ ಬೇಡ ಎಂದವಳು ನಾನೊಬ್ಬಳೇ. ನನ್ನ ಮಾತಿಗೆ ಬೆಲೆ ಇದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಮನೆಯಲ್ಲಿ ಹೆಸರು ಬಿದ್ದಿದೆ. ಅಂಥವರು ಸರಿಯಾದದ್ದನ್ನು ಹೇಳಿದರೂ ಜನ ಅದನ್ನು ಸಿಡುಕು ಎಂದೇ ತಿಳಿಯುತ್ತಾರೆ.

ಅಂಗಡಿ ಅಕ್ಕನದು. ಗಂಡಸರ ಅಂಗಿ, ಪ್ಯಾಂಟು, ಕೋಟು ಹೊಲಿಯುತ್ತೇವೆ. ಬಟ್ಟೆ ಕತ್ತರಿಸುವುದು ಅವಳು. ಹೊಲಿಯುವುದು, ಕಾಜ ಮಾಡುವುದು, ಗುಂಡಿ ಹಚ್ಚುವುದು ನಾನು. ಬೀದಿಗೆ ತೆರೆದುಕೊಂಡ ಒಂದು ಕೋಣೆ, ಉದ್ದನೆಯ ಮೇಜು, ಎರಡು ಹೊಲಿಗೆ ಯಂತ್ರ, ಗೋಡೆಯುದ್ದಕ್ಕೂ ಮೊಳೆ. ಒಂದೊಂದು ಮೊಳೆಗೂ ಒಬ್ಬೊಬ್ಬ ಗಿರಾಕಿಯ ನಮೂನೆ ತೂಗುತ್ತಿತ್ತು. ಬೆನ್ನು, ಎದೆ, ತೋಳು, ಕಾಲರು, ಎಲ್ಲವನ್ನೂ ಖಾಕಿ ಕಾಗದದಲ್ಲಿ ಕತ್ತರಿಸಿ ದಾರಕ್ಕೆ ಪೋಣಿಸಿ ನೇತುಹಾಕಿದ್ದು.

ಅಕ್ಕನದು ಒಂದು ಪದ್ಧತಿ. ಗಿರಾಕಿಯ ಮೈಗೆ ಟೇಪು ಹಿಡಿಯುವುದು ಜೀವಮಾನದಲ್ಲಿ ಒಂದೇ ಸಲ. ಅಳೆದು, ಕಾಗದದ ಮೇಲೆ ಬರೆದು, ಮೊಳೆಗೆ ಹಾಕಿದ ಮೇಲೆ ಆ ಕಾಗದವೇ ಗಿರಾಕಿ. ದಪ್ಪಗಾದರೆ ಏನು ಗತಿ ಎಂದರೆ, ಬಾಗಿಲಲ್ಲಿ ನಿಂತವನನ್ನು ಮೇಲಿಂದ ಕೆಳಗೆ ಒಮ್ಮೆ ನೋಡುವಳು, ಕತ್ತರಿಸುವಾಗ ಪಕ್ಕದಲ್ಲಿ ಅಷ್ಟು ಬಿಡುವಳು. ಇನ್ನೊಮ್ಮೆ ಅಳೆಯುವುದೆಂದರೆ ಮೊದಲು ಅಳೆದದ್ದು ಸುಳ್ಳು ಎಂದು ಒಪ್ಪಿಕೊಂಡಂತೆ ಎಂಬುದು ಅವಳ ವಾದ. ಊರಿನ ಬೇರೆ ದರ್ಜಿಗಳು ಇದನ್ನು ಜಂಭ ಎನ್ನುತ್ತಿದ್ದರು. ಜಂಭವೇ ಇರಬಹುದು, ಆದರೆ ಅಂಗಿ ಮಾತ್ರ ಮೈಗೆ ಕೂರುತ್ತಿತ್ತು.

ಆಮೇಲೆ ಅವಳ ಬಲಗೈ ನಡುಗಲು ಶುರುವಾಯಿತು. ಡಾಕ್ಟರು ಮಾತ್ರೆ ಕೊಟ್ಟರು. ನಡುಕ ಹೋಗುವುದಿಲ್ಲ, ಹೆಚ್ಚಾಗದಂತೆ ನೋಡಿಕೊಳ್ಳಬಹುದು ಎಂದರು. ಕತ್ತರಿ ಹಿಡಿಯಲು ಅದರಿಂದ ತೊಂದರೆಯಿರಲಿಲ್ಲ. ದರ್ಜಿಯ ಕತ್ತರಿಯ ಕೆಳ ಅಲಗು ಮೇಜಿನ ಮೇಲೆ ಕೂತೇ ಓಡುತ್ತದೆ, ಕೈಯ ನಡುಕವನ್ನು ಮೇಜು ನುಂಗಿಕೊಳ್ಳುತ್ತದೆ. ಗೆರೆ ಎಳೆಯುವುದು ಮಾತ್ರ ಆಗದು. ಕಂಕುಳ ಸುತ್ತಿನ ಬಾಗು ಗೆರೆ ಎಳೆಯಲು ಹೋದರೆ ಸೀಮೆಸುಣ್ಣ ಅಂಕುಡೊಂಕಾಗಿ ಹರಿಯುತ್ತಿತ್ತು. ಅದೇ ಹೊತ್ತಿಗೆ ಖಾಕಿ ಕಾಗದಗಳು ಹಳತಾಗಿ, ಮಡಿಕೆಯಲ್ಲಿ ಪುಡಿಯಾಗಿ ಉದುರತೊಡಗಿದವು. ಹೊಸದಾಗಿ ಬರೆಯಲು ಕೈ ಬಾರದು, ಹಳೆಯದು ಉಳಿಯದು. ಕಾಗದ ಹೋದರೆ ಅಕ್ಕನ ಕೆಲಸವೂ ಹೋದಂತೆಯೇ. ಅದು ಇಬ್ಬರಿಗೂ ಗೊತ್ತಿತ್ತು.

ಆಗ ಬಂದವನು ಪೆಂಗ್ವಿನ್. ಅಕ್ಕನ ಮೈದುನ, ಕಾಲೇಜೊಂದರಲ್ಲಿ ಕಂಪ್ಯೂಟರ್ ಕೋಣೆ ನೋಡಿಕೊಳ್ಳುತ್ತಾನೆ. ದುಡ್ಡು ಕೊಟ್ಟು ಕೊಳ್ಳುವ ಸಿಸ್ಟಮ್ ಎಂದರೆ ಅವನಿಗೆ ಆಗದು. ಎಲ್ಲರೂ ಸೇರಿ ಕಟ್ಟಿ, ಎಲ್ಲರಿಗೂ ಬಿಟ್ಟುಕೊಟ್ಟ ಲಿನಕ್ಸ್ ಅವನ ದೇವರು. ಅದರ ಗುರುತಾದ ಪೆಂಗ್ವಿನ್ ಹಕ್ಕಿಯ ಚಿತ್ರವನ್ನು ಸಿಕ್ಕಸಿಕ್ಕಲ್ಲಿ ಅಂಟಿಸಿಕೊಂಡು ಓಡಾಡುವುದರಿಂದ ಆ ಹೆಸರು.

"ಅತ್ತಿಗೆ, ಇದಕ್ಕೆಲ್ಲ ಯಾಕೆ ತಲೆ ಕೆಡಿಸ್ಕೊಳ್ತೀರಿ? ಹಳೇ ಕಾಗದ ಸ್ಕ್ಯಾನ್ ಮಾಡಿಡೋಣ. ಬೇಕಾದಾಗ ಪ್ರಿಂಟ್ ತೆಗೆದು ಅಂಟಿಸ್ಕೊಳ್ಳಿ. ನಿಮ್ಮ ಗೆರೆ ನಿಮ್ಮದೇ ಆಗಿರುತ್ತೆ," ಎಂದ.

"ಪುಗಸಟ್ಟೆ ಸಿಕ್ಕಿದ್ದೆಲ್ಲ ಒಳ್ಳೇದಾಗಿರಲ್ಲ ಮಾರಾಯ," ಎಂದೆ ನಾನು.

"ಪುಗಸಟ್ಟೆ ಬೇರೆ, ಸ್ವತಂತ್ರ ಬೇರೆ," ಎಂದು ಅವನು ಭಾಷಣಕ್ಕೆ ನಿಂತ. ನಾನು ಯಂತ್ರ ತುಳಿದು ಸದ್ದು ಮಾಡಿದೆ.

ಯಾವುದೋ ಆಫೀಸು ಮುಚ್ಚಿದಾಗ ಸಿಕ್ಕ ಕಂಪ್ಯೂಟರು, ಅದರ ಜೊತೆಗೇ ಬಂದ ಸ್ಕ್ಯಾನರು, ಪ್ರಿಂಟರು. ಮೂರನ್ನೂ ತಂದು ನನ್ನ ಯಂತ್ರದ ಪಕ್ಕದಲ್ಲಿಟ್ಟ. ಪ್ರಿಂಟರು ಸಾಧು ಪ್ರಾಣಿ. ತಂತಿ ಚುಚ್ಚಿದ ಕೂಡಲೇ ಸಿಸ್ಟಮ್ ತಾನೇ ಅದನ್ನು ಗುರುತು ಹಿಡಿಯಿತು, ಪರೀಕ್ಷೆಯ ಹಾಳೆ ಅಚ್ಚಾಗಿ ಹೊರಗೆ ಬಂತು. ಪೆಂಗ್ವಿನ್ ಅದರ ಬೆನ್ನು ತಟ್ಟಿ ಸ್ಕ್ಯಾನರಿನ ಕಡೆ ತಿರುಗಿದ.

ಸ್ಕ್ಯಾನರು ಜಪ್ಪಯ್ಯ ಅಂದರೂ ಏಳಲಿಲ್ಲ. ಅದನ್ನು ಮಾಡಿದ ಕಂಪನಿಯವರು ಲಿನಕ್ಸ್‌ಗೆಂದು ಏನೂ ಬರೆದಿರಲಿಲ್ಲವಂತೆ. ದೀಪ ಹತ್ತುತ್ತದೆ, ಒಳಗಿನ ಕಡ್ಡಿ ಅಲುಗುವುದಿಲ್ಲ. ಅವನು ಕಪ್ಪು ಪರದೆ ತೆರೆದು ಏನೇನೋ ಬರೆದ. ಪ್ರಪಂಚದ ಯಾವುದೋ ಮೂಲೆಯಲ್ಲಿ ಇದೇ ಸ್ಕ್ಯಾನರ್ ಇಟ್ಟುಕೊಂಡು ಗೋಳಾಡಿದ ಒಬ್ಬ ಪುಣ್ಯಾತ್ಮ, ಮುಂದೆ ಬರುವವರಿಗೆ ಇರಲಿ ಎಂದು ದಾರಿ ಬರೆದಿಟ್ಟಿದ್ದ. ಅದನ್ನು ಹಿಡಿದು ಹೋಗಿ ಸಣ್ಣದೊಂದು ಕಡತ ತಂದು ಸೇರಿಸಿದ. ಕಡ್ಡಿ ಓಡಿತು. ಪೆಂಗ್ವಿನ್ ಕುಣಿದಾಡಿದ. ಅವನು ಅತ್ತ ಹೋದ ಮೇಲೆ ನಾನು ಗುಂಡಿ ಒತ್ತಿದರೆ, 'ಯಾವ ಸ್ಕ್ಯಾನರೂ ಸಿಗಲಿಲ್ಲ' ಎಂದು ಪರದೆ ಹೇಳಿತು. ಅವನನ್ನು ವಾಪಸು ಕರೆದೆ.

"ಓ, ಅದಾ? ಯಜಮಾನನ ಪಾಸ್‌ವರ್ಡ್ ಕೊಟ್ಟರೆ ಮಾತ್ರ ಕಾಣುತ್ತೆ. ಸ್ಕ್ಯಾನರ್ ಬಳಸೋರದ್ದು ಅಂತ ಒಂದು ಗುಂಪಿದೆ. ನಿಮ್ಮನ್ನ ಅದಕ್ಕೆ ಸೇರಿಸಿಲ್ಲ, ಅಷ್ಟೇ."

"ಅಂಗಡಿ ನಮ್ಮದು, ಮೇಜು ನಮ್ಮದು, ಕರೆಂಟು ನಮ್ಮದು. ಗುಂಪಿಗೆ ಮಾತ್ರ ನಾವು ಸೇರಿಲ್ವಾ?"

ಅಕ್ಕ ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ನಕ್ಕಳು. ಅವಳ ನಗು ಕೇಳಿ ನನ್ನ ಸಿಟ್ಟು ಅರ್ಧ ಇಳಿಯಿತು. ಪೆಂಗ್ವಿನ್ ನಮ್ಮನ್ನು ಗುಂಪಿಗೆ ಸೇರಿಸಿದ, ಕಂಪ್ಯೂಟರ್ ಆರಿಸಿ ಹಚ್ಚಿದ, ಸ್ಕ್ಯಾನರು ನನ್ನ ಮಾತೂ ಕೇಳಿತು.

ಮಧ್ಯಾಹ್ನ ಗಿರಾಕಿ ಕಮ್ಮಿಯಿದ್ದಾಗ ಇಬ್ಬರೂ ಕೂತು ನಮೂನೆಗಳನ್ನು ತುಂಡು ತುಂಡಾಗಿ ಸ್ಕ್ಯಾನ್ ಮಾಡಿದೆವು. ತುಂಡಿಗೆ ತುಂಡು ಕೂಡಿಸಲು ಅಂಚಿನಲ್ಲಿ ಗುರುತು ಹಾಕಿಕೊಂಡೆವು. ಅಚ್ಚು ಹಾಕಿದ ಹಾಳೆಗಳನ್ನು ಅಂಟು ಟೇಪು ಹಚ್ಚಿ ಜೋಡಿಸಿದರೆ ಗುರುತಿಗೆ ಗುರುತು ಕೂದಲೆಳೆಯಷ್ಟೂ ತಪ್ಪದೆ ಕೂಡುತ್ತಿತ್ತು. ಪ್ರತಿ ಹಾಳೆಯ ಕೆಳಗೆ ಒಂದಿಷ್ಟು ಬಿಳಿ ಜಾಗ ಉಳಿಯುತ್ತಿತ್ತು, ಅದನ್ನು ಕತ್ತರಿಸಿ ಬಿಸಾಡುತ್ತಿದ್ದೆವು. ಗೋಡೆಯ ತುಂಬ ಬೆಳ್ಳಗಿನ ಹೊಸ ನಮೂನೆಗಳು ತೂಗಿದವು. ಹಳೆಯವನ್ನು ಬಿಸಾಡಲು ಅಕ್ಕ ಒಪ್ಪದೆ ಅಟ್ಟಕ್ಕೆ ಹಾಕಿಸಿದಳು. ಅವಳು ಹೊಸ ಕಾಗದ ಹಾಸಿ, ಗೆರೆಯ ಗೊಡವೆಯಿಲ್ಲದೆ ನೇರ ಕತ್ತರಿ ಓಡಿಸಿದಳು. ಕೈ ಮರಳಿ ಬಂದಂತಾಯಿತು ಅವಳಿಗೆ. ಕಂಪ್ಯೂಟರಿನ ಬಗ್ಗೆ ನಾನು ಬಾಯಿ ಮುಚ್ಚಿಕೊಂಡಿದ್ದ ಕಾಲವೆಂದರೆ ಅದೊಂದೇ.

ಮೊದಲು ಬಂದವರು ಹಲ್ಲಿನ ಡಾಕ್ಟರು. ಅಂಗಿ ಹೊಟ್ಟೆಯ ಹತ್ತಿರ ಬಿಗಿಯುತ್ತದೆ ಎಂದು ನಾಚಿಕೊಂಡೇ ಹೇಳಿದರು. "ತಪ್ಪು ನಂದೇ ಬಿಡಿ. ಕೂತು ಕೂತು ಮೈ ಬಂದುಬಿಟ್ಟಿದೆ," ಎಂದರು. ಮಾರನೇ ದಿನದಿಂದ ಬೆಳಿಗ್ಗೆ ಬಿರಬಿರನೆ ನಡೆಯುತ್ತ ನಮ್ಮ ಅಂಗಡಿ ಮುಂದೆಯೇ ಹಾಯತೊಡಗಿದರು. ಗಂಡ ನಡೆಯುವಂತಾಯಿತು, ಅಕ್ಕನಿಗೆ ಪುಣ್ಯ ಬರಲಿ ಎಂದು ಅವರ ಹೆಂಡತಿ ಹರಸಿದರು. ಇನ್ನು ಕೆಲವರು ತೋಳು ಗಿಡ್ಡ ಎಂದರು. ಒಗೆದ ಮೇಲೆ ಬಟ್ಟೆ ಕುಗ್ಗಿರಬೇಕು ಎಂದು ಬಟ್ಟೆಯಂಗಡಿಯವನನ್ನು ಬೈದುಕೊಂಡು ಹೋದರು. ಅಷ್ಟು ವರ್ಷದ ನಂಬಿಕೆ ನೋಡಿ, ಒಬ್ಬರೂ ಅಕ್ಕನತ್ತ ಬೆರಳು ತೋರಿಸಲಿಲ್ಲ. ಅಕ್ಕ ಮಾತ್ರ ದಿನದಿನಕ್ಕೆ ಮಾತು ಕಮ್ಮಿ ಮಾಡಿದಳು.

ಕೊನೆಗೆ ಬಂದವನು ಪಕ್ಕದ ಕ್ಷೌರದಂಗಡಿಯವನು. ಬೀದಿಯೆಲ್ಲ ಅವನನ್ನು ಕಡ್ಡಿ ಪೈಲ್ವಾನ ಎಂದೇ ಕರೆಯುವುದು. ಎಷ್ಟು ತಿಂದರೂ ಮೈಗೆ ಹತ್ತದ ಜಾತಿ. ಹೊಸ ಅಂಗಿ ಹಾಕಿಕೊಂಡು ಬಂದು ನಮ್ಮ ಮುಂದೆ ಎರಡೂ ಕೈ ಮೇಲೆತ್ತಿದ. ಅಂಗಿ ಸೊಂಟ ಬಿಟ್ಟು ಮೇಲೆ ಬಂತು, ಕಂಕುಳಲ್ಲಿ ಪರ್ರೆಂದಿತು.

"ಹಿಂಗೆ ಕೈ ಎತ್ತದೆ ನಾನು ಯಾರ ತಲೆ ಕತ್ತರಿಸ್ಲಿ ಹೇಳಿ," ಎಂದ.

ಇವನೂ ದಪ್ಪಗಾದ ಎನ್ನಲು ಬ್ರಹ್ಮನಿಗೂ ಸಾಧ್ಯವಿಲ್ಲ. ನನಗೆ ಆ ಕ್ಷಣವೇ ಖಾತ್ರಿಯಾಯಿತು.

"ಅಕ್ಕಾ, ಇದು ಆ ಕಂಪ್ಯೂಟರಿಂದೇ ಕಿತಾಪತಿ. ಬರೆದಿಟ್ಕೋ."

ಅಕ್ಕ ಕತ್ತರಿಯನ್ನು ಮೇಜಿನ ಮೇಲಿಟ್ಟಳು. "ಸುಮ್ನಿರು. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ ಆಗುತ್ತೆ. ನನ್ನ ಕೈ ಹೋಗಿದೆ ಕಣೇ. ಕತ್ತರಿ ಒಳಗೆ ಎಳೀತಿದೆ, ನಂಗೆ ತಿಳೀತಿಲ್ಲ. ಒಪ್ಪಿಕೊಂಡಿರೋ ಬಟ್ಟೆ ಮುಗಿಸಿ ಕತ್ತರಿ ಕೆಳಗಿಡ್ತೀನಿ."

ಅವಳ ಕೈ ಹೋಗಿದೆ ಎಂಬ ಮಾತನ್ನು ನಾನು ಯಾರ ಬಾಯಲ್ಲೂ ಕೇಳಲು ತಯಾರಿರಲಿಲ್ಲ, ಅವಳ ಬಾಯಲ್ಲಂತೂ ಅಲ್ಲವೇ ಅಲ್ಲ. ಏಣಿ ಹಾಕಿ ಅಟ್ಟ ಹತ್ತಿದೆ. ಕಡ್ಡಿ ಪೈಲ್ವಾನ ಕೆಳಗೆ ಏಣಿ ಹಿಡಿದುಕೊಂಡ. ಅವನ ಹಳೆಯ ಖಾಕಿ ನಮೂನೆ ಹುಡುಕಿ, ಉದುರದಂತೆ ಎದೆಗೆ ಅವುಚಿಕೊಂಡು ಇಳಿದೆ. ಮೇಜಿನ ಮೇಲೆ ಹಾಸಿ ಅದರ ಮೇಲೆ ಬಿಳಿ ಹಾಳೆಯದನ್ನು ಇಟ್ಟೆ.

ಬಿಳಿಯ ಬೆನ್ನಿನ ಸುತ್ತ ಖಾಕಿ ಅಂಚು ಎದ್ದು ಕಾಣುತ್ತಿತ್ತು. ಉದ್ದದಲ್ಲಿ ಎರಡು ಬೆರಳಿನಷ್ಟು, ಅಗಲದಲ್ಲಿ ಒಂದು ಬೆರಳಿನಷ್ಟು. ಬಾಗು ಬಾಗಿನ ಹಾಗೇ ಇದೆ, ಎಲ್ಲವೂ ಅಚ್ಚುಕಟ್ಟು, ಒಟ್ಟಿನಲ್ಲಿ ಸಣ್ಣದು.

"ನೋಡು," ಎಂದೆ. ಅಕ್ಕ ನೋಡಿದಳು.

ಪೆಂಗ್ವಿನ್‌ಗೆ ಫೋನು ಮಾಡಿದೆ. ನನ್ನ ದನಿಗೇ ಹೆದರಿ ಅವನು ಕೆಲಸದ ನಡುವೆಯೇ ಓಡಿ ಬಂದ. ಮೊದಲು ಸ್ಕ್ಯಾನರನ್ನು ಅನುಮಾನಿಸಿದ. ಅಷ್ಟು ಕಾಡಿಸಿದ್ದು ಅದೇ ಅಲ್ಲವೇ? ತಿರುವಿ ಮುರುವಿ ನೋಡಿದ. ಅದರದ್ದೇನೂ ತಪ್ಪಿರಲಿಲ್ಲ. ಆಮೇಲೆ ಪ್ರಿಂಟರಿನ ಸೆಟ್ಟಿಂಗ್ ಪುಟ ತೆರೆದ, ತಲೆಯ ಮೇಲೆ ಕೈ ಹೊತ್ತು ಕೂತ. ಬೊಗಳುವ ನಾಯಿ ಕಚ್ಚುವುದಿಲ್ಲ ಎಂದು ಸುಮ್ಮನೆ ಹೇಳುವುದಿಲ್ಲ.

"ಹಾಳೆ ಅಳತೆ ಬೇರೆ ಇದೆ ಅತ್ತಿಗೆ. ನಾವು ಹಾಕೋದು ಎ-ಫೋರ್. ಇಲ್ಲಿ ಲೆಟರ್ ಅಂತಿದೆ, ಅದು ಇದಕ್ಕಿಂತ ಗಿಡ್ಡ. ಸಿಸ್ಟಮ್ ಹಾಕಿದಾಗ ಅದು ತಾನೇ ಕೂತ್ಕೊಂಡಿದೆ. ಕೆಳಗೆ 'ಹಾಳೆಗೆ ಹೊಂದಿಸು' ಅಂತ ಬೇರೆ ಟಿಕ್ ಆಗಿದೆ. ನಮ್ಮ ಚಿತ್ರ ಆ ಗಿಡ್ಡ ಹಾಳೆಯೊಳಗೆ ಹಿಡಿಸ್ಲಿ ಅಂತ ಪ್ರತಿ ಸಲ ಕುಗ್ಗಿಸಿ ಅಚ್ಚು ಹಾಕಿದೆ. ಪ್ರಿಂಟರ್ ಸಲೀಸಾಗಿ ಬಂತು ಅಂತ ನಾನು ಒಳಗೆ ಇಣುಕಿಯೂ ನೋಡ್ಲಿಲ್ಲ."

ಎರಡನ್ನೂ ಸರಿಮಾಡಿ ಕಡ್ಡಿ ಪೈಲ್ವಾನನ ಬೆನ್ನನ್ನು ಮತ್ತೆ ಅಚ್ಚು ಹಾಕಿದ. ನಾನೇ ಅಂಟಿಸಿ ಖಾಕಿಯ ಮೇಲೆ ಹಾಸಿದೆ. ಅಂಚಿಗೆ ಅಂಚು ಕೂತಿತು.

"ನಾನು ಹೇಳಿರ್ಲಿಲ್ವಾ?" ಎಂದೆ. ಗೆದ್ದ ಖುಷಿ ಮೈಯೆಲ್ಲ ಹರಿಯಿತು, ಸುಳ್ಳು ಯಾಕೆ ಹೇಳಲಿ.

"ಅತ್ತಿಗೆ, ನಿಮ್ಮ ಕೈಗೇನೂ ಆಗಿಲ್ಲ," ಎಂದ ಪೆಂಗ್ವಿನ್. ಅವನ ಕಣ್ಣು ಒದ್ದೆಯಾಗಿತ್ತು.

"ಹಲ್ಲಿನ ಡಾಕ್ಟ್ರಿಗೆ ಮಾತ್ರ ಹೇಳ್ಬೇಡಿ, ವಾಕಿಂಗ್ ನಿಲ್ಲಿಸಿಬಿಡ್ತಾರೆ," ಎಂದ ಕಡ್ಡಿ ಪೈಲ್ವಾನ.

ಮೂವರೂ ನಗುತ್ತಿದ್ದೆವು. ಅಕ್ಕ ಸಣ್ಣ ನಮೂನೆಯನ್ನು ಕೈಗೆತ್ತಿಕೊಂಡಳು. ಹಾಳೆ ಅವಳ ಕೈಯಲ್ಲಿ ಪಟಪಟ ಎನ್ನುತ್ತಿತ್ತು.

"ಎರಡು ಬೆರಳು," ಎಂದಳು. "ಮೊದಲೆಲ್ಲ ಕಾಳಿನಷ್ಟು ಹೆಚ್ಚುಕಮ್ಮಿ ಆದ್ರೂ ಕೈ ಅಲ್ಲೇ ನಿಲ್ಲೋದು ನಂಗೆ. ಇದು ಎರಡು ಬೆರಳು. ಡಾಕ್ಟ್ರದ್ದು ಕತ್ತರಿಸಿದೆ, ಇವನದ್ದು ಕತ್ತರಿಸಿದೆ, ಅಷ್ಟೂ ಜನರದ್ದು ಕತ್ತರಿಸಿದೆ. ಒಂದು ಸಲವೂ ಕೈ ನಿಲ್ಲಲಿಲ್ಲ."

"ಅದು ಮೆಷಿನ್ ತಪ್ಪು ಅತ್ತಿಗೆ..."

"ಮೆಷಿನ್‌ದು ಇರ್ಲಿ ಕಣಪ್ಪ, ಅದು ಸರಿಹೋಯ್ತಲ್ಲ. ನಾನು ನನ್ನ ಕೈ ವಿಷಯ ಹೇಳ್ತಿದೀನಿ."

ಗಿರಾಕಿ ಕಾಯ್ತಿದಾರೆ ಎಂದು ಕಡ್ಡಿ ಪೈಲ್ವಾನ ಎದ್ದು ಹೋದ. ಅವನ ಅಂಗಡಿಯಲ್ಲಿ ಯಾರೂ ಇರಲಿಲ್ಲ, ನಮಗೆ ಇಲ್ಲಿಂದಲೇ ಕಾಣುತ್ತಿತ್ತು. ಪೆಂಗ್ವಿನ್ ಪರದೆಯನ್ನೇ ನೋಡುತ್ತ ಕೂತ. ಆ ಯಂತ್ರದ ಮೇಲೆ ಇದ್ದಬದ್ದ ಸಿಟ್ಟನ್ನೆಲ್ಲ ನಾನು ಎಷ್ಟು ಆಸೆಯಿಂದ ಸಾಕಿಕೊಂಡಿದ್ದೆ! ಈಗ ಯಾರ ಮೇಲೆ ಸಿಟ್ಟು ಮಾಡಲಿ?

ಮಾರನೇ ದಿನ ಅಕ್ಕ ಎಂದಿನಂತೆ ಬಂದು ಬಾಗಿಲು ತೆಗೆದಳು. ಕಡ್ಡಿ ಪೈಲ್ವಾನನಿಗೆ ಬೇರೆ ಅಂಗಿ ಹೊಲಿದುಕೊಡಬೇಕಿತ್ತು. ಬಟ್ಟೆ ಹಾಸಿದಳು, ಮೇಲೆ ಸರಿಯಾದ ನಮೂನೆ ಇಟ್ಟಳು, ನಾಲ್ಕೂ ಮೂಲೆಗೆ ಭಾರ ಇಟ್ಟಳು. ಆಮೇಲೆ ಮೇಜನ್ನು ಬಳಸಿಕೊಂಡು ಆಚೆ ಬದಿಗೆ ಹೋಗಿ ನಿಂತಳು.

"ಕತ್ತರಿ ತಗೋ."

"ನಾನಾ? ನಾನ್ಯಾವಾಗ ಕತ್ತರಿಸಿದೀನಿ? ನೀನಿದೀಯಲ್ಲ."

"ತಗೋ ಅಂದೆ."

ತಗೊಂಡೆ. ಭಾರವಿತ್ತು. ಬೆನ್ನಿನ ನೇರ ಅಂಚು ಹೇಗೋ ದಾಟಿತು. ಕಂಕುಳ ಬಾಗಿಗೆ ಬಂದಾಗ ಅಲಗು ಕಾಗದದಿಂದ ಎಳೆಯಷ್ಟು ಆಚೆ ಹೋಯಿತೋ, ಒಳಗೆ ಬಂತೋ, ನನಗೆ ಅನುಮಾನವಾಯಿತು. ನಿಲ್ಲಿಸಿದೆ. ಚಿಕ್ಕಂದಿನಿಂದ ಹೊಲಿಗೆಯಲ್ಲಿ ಏನೇ ಅನುಮಾನ ಬಂದರೂ ನಾನು ತಲೆ ಎತ್ತಿ ಅವಳನ್ನು ನೋಡಿದರೆ ಸಾಕಿತ್ತು.

"ಸರಿ ಇದೆಯಾ ಅಕ್ಕಾ?"

ಅವಳು ಬಗ್ಗಿ ನೋಡಿದಳು. ನಡುಗುವ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ನೋಡಿದಳು.

"ನಂಗೆ ಗೊತ್ತಾಗ್ತಿಲ್ಲ ಕಣೇ," ಎಂದಳು. "ನೀನೇ ಹೇಳು."

ನಾನು ಸರಿ ಇದೆ ಎಂದು ಹೇಳಿ, ಉಳಿದದ್ದನ್ನು ಕತ್ತರಿಸಿದೆ.